ಬೂದಿಯಲ್ಲಿ ಮಲಗಿದ ಕಬ್ಬಿಣ

ಹೊಲಿಗೆ ಕಲಿಯಲೆಂದು ಸಾಲಿನಲ್ಲಿ ನಿಂತು ವೆಲ್ಡಿಂಗ್ ಕಲಿಯಲು ಹೋದವರು ನಾವಿಬ್ಬರು, ನಾನು ಮತ್ತು ನನ್ನ ಅಣ್ಣನ ಹೆಂಡತಿ ಶಾಂಭವಿ ವೈನಿ.

ನಿಲಂಗಾದಲ್ಲಿ ಸರ್ಕಾರದ ಖರ್ಚಿನಲ್ಲಿ ನಡೆಯುವ ತರಬೇತಿ ಕೇಂದ್ರಕ್ಕೆ ಹೆಸರು ಹಚ್ಚುವ ದಿನ ಮರಾಠಿ ಸೀಮೆಯ ನಮ್ಮ ಉಮರ್ಗಾದಿಂದ ಮೊದಲ ಬಸ್ಸಿಗೇ ಹೊರಟಿದ್ದೆವು. ಆದರೂ ನಾವು ಮುಟ್ಟುವಷ್ಟರಲ್ಲಿ ಸಾಲು ಗೇಟು ದಾಟಿ, ಚಹಾದ ಗಾಡಿ ದಾಟಿ, ರಸ್ತೆಯ ತಿರುವಿನ ತನಕ ಬೆಳೆದಿತ್ತು. ಗುಂಜೋಟಿಯವರಿದ್ದರು, ಮುರುಮದವರಿದ್ದರು, ಅತ್ತ ಮಾಕಣಿ ಕಡೆಯವರೂ ಇದ್ದರು. ನನ್ನ ಮುಂದೆ ನಿಂತಾಕೆ ಡಿ.ಎಡ್. ಮುಗಿಸಿದವಳು. ಅವಳ ಮುಂದಿನವನು ಎಂ.ಎಸ್ಸಿ. ನನ್ನದು ಬರಿಯ ಬಿ.ಎ. ಅಷ್ಟೆಲ್ಲ ಓದಿದವರು ವಾಯರು, ನಳ, ಸೂಜಿ, ಕತ್ತರಿಗಾಗಿ ಮಠದ ದಾಸೋಹಕ್ಕೆ ನಿಂತವರ ಹಾಗೆ ಸುಮ್ಮನೆ, ಒಬ್ಬರ ಹಿಂದೊಬ್ಬರು ಸರಿಯುತ್ತಿದ್ದರು. ನಮಗೆ ಏನಾದರೂ ಬರಬೇಕು, ಕೈಗೆ ಏನಾದರೂ ಹತ್ತಬೇಕು ಎಂದು ಇಷ್ಟು ಮಂದಿ ಒಂದೇ ಸಲಕ್ಕೆ ಬಯಸುತ್ತಿರುವುದನ್ನು ನಾನು ಅದೇ ಮೊದಲು ಕಂಡದ್ದು.

ಕಿಟಕಿಯ ಹಿಂದಿನ ಗುಮಾಸ್ತ ತಲೆ ಎತ್ತಲಿಲ್ಲ. "ಹೊಲಿಗಿ ತುಂಬ್ಯಾದ. ಪಾರ್ಲರ್ ತುಂಬ್ಯಾದ. ಎಲೆಕ್ಟ್ರಿಷಿಯನ್ ಅಂತೂ ಕೇಳಲೇಬ್ಯಾಡ್ರಿ. ವೆಲ್ಡಿಂಗ್‌ನ್ಯಾಗ ಹೆಣ್ಮಕ್ಕಳ ಸೀಟ ಖಾಲಿ ಅವ, ಯಾರೂ ಬರವಲ್ರು."

"ಬರಕೋರಿ," ಅಂದಳು ವೈನಿ.

ಆತ ಈಗ ತಲೆ ಎತ್ತಿದ. "ಇಬ್ಬರದೂ?"

ನಾನು ಬೇಡ ಅನ್ನಬೇಕಿತ್ತು. ಬೇಡ ಅನ್ನಲಿಕ್ಕೂ ಬಾಯಿ ಬೇಕಾಗುತ್ತದೆ.

"ಆಕಿದೂ ಬರಕೋರಿ," ಅಂದಳು ವೈನಿ. "ಒಲ್ಲೆ ಅನ್ನಲಿಕ್ಕೂ ನಾಚ್ತಾಳ ಆಕಿ."

ಮನೆಗೆ ಬಂದು ಹೇಳಿದಾಗ ಅವ್ವ ಗಿರಣಿಯ ಬಾಯಿಗೆ ಜೋಳ ಸುರಿಯುತ್ತಿದ್ದಳು. ನಮ್ಮ ಮನೆಯ ಮುಂದಿನ ಖೋಲಿಯೇ ಹಿಟ್ಟಿನ ಗಿರಣಿ. ಅಪ್ಪ ಹೋದ ಮೇಲೆ ಅದನ್ನು ನಡೆಸಿದವಳು ಅವ್ವ. ಉಮರ್ಗಾದಲ್ಲಿ ಅಂಬುಬಾಯಿ ಗಿರಣಿ ಅಂದರೆ ರಿಕ್ಷಾದವರು ಓಣಿ ಕೇಳುವುದಿಲ್ಲ. ಹುಬ್ಬಿನ ಮೇಲೂ ಹಿಟ್ಟು ಕೂತ ಮುಖವನ್ನು ನಮ್ಮತ್ತ ತಿರುಗಿಸಿ ಅವ್ವ ಅಂದಳು: "ಸೂಜಿ ತರ್ತೀವಂತ ಹೋಗಿ ಸಿಡಿಲು ತಂದ್ರೇನ? ಹೋಗ್ರಿ. ಸೀರಿ ಸುಟಗೊಂಡು ಬಂದ್ರ ನಂಗ ಹೇಳಬ್ಯಾಡ್ರಿ."

ಕಲಿಸುವವರು ಸೂರ್ಯಕಾಂತ ಸರ್. ಉದಗೀರದವರು, ದಿನಾ ಬಸ್ಸಿಗೆ ಬಂದು ಹೋಗುವವರು. ಸಕ್ಕರೆ ಕಾರ್ಖಾನೆಗಳಲ್ಲಿ ಹಂಗಾಮಿನಿಂದ ಹಂಗಾಮಿಗೆ ಬಾಯ್ಲರು ಬೆಸೆಯುತ್ತ ಅರ್ಧ ಆಯುಷ್ಯ ಕಳೆದಿದ್ದರು. ತಾಯಿ ಭಾಲ್ಕಿ ಕಡೆಯವರಾದ್ದರಿಂದ ನಮ್ಮೊಂದಿಗೆ ಕನ್ನಡ, ಉಳಿದವರೊಂದಿಗೆ ಮರಾಠಿ, ಸಿಟ್ಟು ಬಂದಾಗ ಎರಡೂ. ಮೊದಲ ದಿನ ಕೊರಳಲ್ಲಿ ಜೋತಾಡುವುದೆಲ್ಲ ತೆಗೆಯಿರಿ ಅಂದರು. ವೈನಿ ತಾಳಿ, ಸರ ಬಿಚ್ಚಿಟ್ಟಳು. ಇಷ್ಟಲಿಂಗದ ಬೆಳ್ಳಿಯ ಕರಡಿಗೆಯ ಮೇಲೆ ಕೈಯಿಟ್ಟು ನಿಂತುಬಿಟ್ಟಳು. ಸರ್ ತಮ್ಮ ಅಂಗಿಯ ಗುಂಡಿ ಬಿಚ್ಚಿ, ಎದೆಗೆ ಅಂಟಿದಂತೆ ಬಿಳಿಯ ಬಟ್ಟೆಯಲ್ಲಿ ಕಟ್ಟಿಕೊಂಡ ಲಿಂಗವನ್ನು ತೋರಿಸಿದರು. "ಬೆಳ್ಳಿ ಮನ್ಯಾಗಿಡವ್ವ. ಲಿಂಗಪ್ಪನ್ನ ಅರಿವಿನ್ಯಾಗ ಬಿಗಿದು ಒಳಗ ಕಟ್ಕೋ. ಅಂವಾ ಬೆಂಕಿಗಿ ಅಂಜಾಂವಲ್ಲ."

ಆಮೇಲೆ ಕಪ್ಪು ಗಾಜಿನ ಮುಖವಾಡ ಕೊಟ್ಟರು.

ಅದನ್ನು ಇಳಿಸಿಕೊಂಡರೆ ಮೊದಲಿಗೆ ಏನೂ ಇಲ್ಲ. ಶೆಡ್ಡಿಲ್ಲ, ವೈನಿಯಿಲ್ಲ, ನನ್ನ ಕೈಯೇ ನನಗೆ ಕಾಣುವುದಿಲ್ಲ. ಆ ಕತ್ತಲಲ್ಲಿ ಸರ್ ಕಡ್ಡಿ ಗೀರುವಂತೆ ಬೆಸುಗೆಯ ರಾಡಿನ ತುದಿಯನ್ನು ಜೋಡಿಸಿಟ್ಟ ತಗಡುಗಳಿಗೆ ಗೀರಿದರು. ಹಸಿರಾದ ಒಂದು ಬೆಳಕು ಹುಟ್ಟಿತು. ಅದರ ಕೆಳಗೆ ಕಬ್ಬಿಣ ನೀರಾಗಿತ್ತು. ನೀರೆಂದರೆ ನೀರೇ. ಅಂಚಿತ್ತು, ಅಲೆಯಿತ್ತು, ಗಾಳಿ ಸೋಕಿದ ಹೊಂಡದಂತೆ ನಡುಗುತ್ತಿತ್ತು. ಬೆಳಕು ಮುಂದೆ ಸರಿದಂತೆ ಹಿಂದಿನಿಂದ ಹೆಪ್ಪುಗಟ್ಟುತ್ತ, ಗೋದಿ ತೆನೆಯ ಕಾಳುಗಳಂತೆ ಒಂದರ ಮೇಲೊಂದು ಕೂತು ಸಾಲಾಯಿತು. ಎರಡು ತಗಡು ಇದ್ದಲ್ಲಿ ಒಂದಿತ್ತು. ಮುಖವಾಡ ಎತ್ತಿದ ಮೇಲೂ ನಾನು ಅದರ ಒಳಗೇ ಇದ್ದೆ. ನಾನು ಕೂತ ಬಸ್ಸು, ಹಿಡಿದ ಕಿಟಕಿಯ ಸರಳು, ದಾಟಿದ ಸೇತುವೆ, ಎಲ್ಲದರ ಕೀಲಿನಲ್ಲೂ ಯಾರೋ ಒಬ್ಬರ ಎದುರಿಗೆ ಹೀಗೆ ಕಬ್ಬಿಣ ಒಂದು ಗಳಿಗೆ ನೀರಾಗಿತ್ತು ಎಂಬುದು ಆ ತನಕ ನನಗೆ ಹೊಳೆದೇ ಇರಲಿಲ್ಲ. ಅಂದು ಸಂಜೆ ಡೈರಿ ತೆಗೆದೆ. ಬರೆಯಲಾಗಲಿಲ್ಲ. ಮುಚ್ಚಿಟ್ಟೆ.

ನನ್ನ ಕೈಯಲ್ಲಿ ರಾಡು ನಿಲ್ಲುತ್ತಿರಲಿಲ್ಲ. ನನ್ನ ಬೆಸುಗೆಯ ಸಾಲು ಇರುವೆ ದಾರಿ ತಪ್ಪಿದ ಹಾಗೆ. ವೈನಿಯದು ಹಾಗಲ್ಲ. ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯ ರೊಟ್ಟಿ ಬಡಿಯುವ ಕೈ ಅದು. ಹಿಟ್ಟಿನುಂಡೆ ತಾನಾಗಿ ತಿರುಗುತ್ತಿದೆಯೋ, ಆಕೆ ತಿರುಗಿಸುತ್ತಿದ್ದಾಳೋ ತಿಳಿಯದ ಹಾಗೆ ಬಡಿಯುತ್ತಾಳೆ. ಆ ಕೈ ರಾಡು ಹಿಡಿದೊಡನೆ ಸ್ಥಿರವಾಯಿತು. ಒಂದೇ ಒಂದು ಚಟ. ಬೆಸುಗೆ ಮುಗಿಯುತ್ತಲೇ ಆಕೆಯ ಬಲಗೈ ಪಕ್ಕದ ಬಕೀಟಿನೊಳಗಿನ ಒದ್ದೆ ಬಟ್ಟೆ ತೆಗೆದು, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವಂತೆ ಕಾದ ಕಬ್ಬಿಣದ ಮೇಲೆ ಒಂದು ಸಲ ಸವರಿಬಿಡುತ್ತಿತ್ತು. ಚುಂಯ್ ಎಂದು ಆವಿ ಏಳುತ್ತಿತ್ತು. ಆಕೆಗೆ ತಾನು ಹಾಗೆ ಮಾಡುತ್ತಿದ್ದೇನೆಂಬುದೇ ಗೊತ್ತಿರುತ್ತಿರಲಿಲ್ಲ.

"ಶಾಂಭವಿ ವೈನಿ, ಎರಡ ಭಕ್ರಿ ನಮಗೂ ಇರಲಿ," ಅನ್ನುತ್ತಿದ್ದ ಪಕ್ಕದ ಮೇಜಿನ ನಾಗನಾಥ, ಅವನ ಬಾಯಲ್ಲಿ ರೊಟ್ಟಿ ಭಕ್ರಿ. "ಕಡ್ಲಿ ಹಿಟ್ಟಿನ ಝುಣಕಾ ನಾ ತರ್ತೀನಿ."

"ನಿನ್ನ ಬೆಸಗಿ ನೋಡೇ ಹೊಟ್ಟಿ ತುಂಬ್ಯಾದ ತಗೊ," ಅನ್ನುತ್ತಿದ್ದಳು ವೈನಿ. "ಮುದ್ದಿ ಮುದ್ದಿ ಝುಣಕಾನ ಆಗ್ಯಾದ."

ಸರ್ ನಗುತ್ತಿದ್ದರು. ಸಾದಾ ತಗಡನ್ನು ಅವರೇ ಇಕ್ಕಳದಿಂದ ಹಿಡಿದು ಬಕೀಟಿನಲ್ಲಿ ಅದ್ದಿ ನಮ್ಮ ಕೈಗೆ ಕೊಡುತ್ತಿದ್ದರು. ಹಾಗಾಗಿ ಆ ಚಟವನ್ನು ಯಾರೂ ತಪ್ಪೆಂದು ತಿಳಿಯಲಿಲ್ಲ.

ತರಬೇತಿ ಮುಗಿಯಲು ಬಂದಾಗ ಸರ್ ತಮ್ಮದೊಂದು ಪದ್ಧತಿ ಹೇಳಿದರು. ಪ್ರತಿಯೊಬ್ಬರೂ ಮುರಿದ ಒಂದು ವಸ್ತು ತರಬೇಕು. ಬೆಸೆದ ಮೇಲೆ ಅದು ತನ್ನ ಮನೆಗೆ ಮರಳಿ ತನ್ನ ಕೆಲಸ ಮಾಡಬೇಕು. "ತಗಡಿಗೆ ತಗಡು ಹಚ್ಚಿದ್ದು ಪರೀಕ್ಷಾಕ್ಕ ಆಯ್ತು. ಇದು ನನ್ನ ಸಮಾಧಾನಕ್ಕ." ನಾಗನಾಥ ಸೈಕಲ್ಲಿನ ಹಿಂದಿನ ಕ್ಯಾರಿಯರ್ ತಂದ. ನಾನು ಒಲೆಯ ಮೇಲಿಡುವ ಅಡ್ಡಣಿಗೆ ತಂದೆ. ವೈನಿ ಏನು ತರಬೇಕೆಂದು ಯೋಚಿಸುತ್ತಿದ್ದ ಆ ವಾರವೇ ನಮ್ಮ ಗಿರಣಿ ಮುರಿಯಿತು.

ಮುರಿದದ್ದು, ತಿರುಗುವ ದಂಡಿಗೆ ಆಸರೆಯಾಗಿ ಬೇರಿಂಗನ್ನು ಹಿಡಿದು ನಿಲ್ಲುವ ತೋಳು. ಬೀಡು ಕಬ್ಬಿಣದ್ದು. ಹೊಸ ಜೋಳ ಬಂದ ದಿನಗಳು, ಹೊಸ್ತಿಲಾಚೆ ಡಬ್ಬಿಗಳ ಸಾಲು. ಒಮ್ಮೆಲೇ ದಡ್ ಎಂದು ಸದ್ದಾಗಿ ಕಲ್ಲು ನಿಂತಿತು. ಅವ್ವ ಮೊದಲು ಕಲ್ಲು ತಿರುಗಿಸುವ ಪಟ್ಟಿ ಬಿಚ್ಚಿದಳು, ಆಮೇಲೆ ಸೀಳಿದ ತೋಳನ್ನು ಮುಟ್ಟಿ ನೋಡಿ, ಹೊರಗಿನವರಿಗೆ "ಇವತ್ತ ಆಗಂಗಿಲ್ಲ, ಬ್ಯಾರೆ ಕಡಿ ಹೋಗ್ರಿ" ಅಂದಳು. ಆ ಮಾತನ್ನು ಅವಳ ಬಾಯಿಂದ ನಾನು ಹಿಂದೆಂದೂ ಕೇಳಿರಲಿಲ್ಲ.

ಅಣ್ಣ ಧನರಾಜ ಸೋಲಾಪುರದ ತನಕ ವಿಚಾರಿಸಿದ. ಆ ಗಿರಣಿ ಮಾಡಿದ ಕಂಪನಿಯೇ ಈಗಿಲ್ಲ, ಆ ತೋಳು ಸಿಗುವುದಿಲ್ಲ. ಊಟದ ಹೊತ್ತಿನಲ್ಲಿ ಅವನೇ ಮಾತು ತೆಗೆದ. "ಅವ್ವ, ಉದಗೀರದ ಗುಜರಿಯಾಂವ ಸೋಮವಾರ ಟೆಂಪೋ ತರ್ತಾನಂತ. ಖೋಲಿ ಖಾಲಿ ಆದ್ರ ಬಾಡಿಗಿಗಿ ಕೊಡಬಹುದು. ನಿಂಗೂ ವಿಶ್ರಾಂತಿ."

"ನಾ ಕೇಳಿನೇನ ವಿಶ್ರಾಂತಿ?"

"ಮೊಣಕಾಲ ಹಿಡ್ಕೊಂಡ ಏಳ್ತಿ, ಹಿಡ್ಕೊಂಡ ಕೂಡ್ತಿ. ಕೇಳಬೇಕೇನ?"

ಅಣ್ಣ ಕೆಟ್ಟವನಲ್ಲ. ಅವನು ಹೇಳಿದ್ದು ಸುಳ್ಳೂ ಅಲ್ಲ. ಮರುದಿನ ಬೆಳಿಗ್ಗೆ ನಿಂತ ಗಿರಣಿಯ ಮೈಯನ್ನು ಅವ್ವ ಎಂದಿನಂತೆ ಒರೆಸಿ, ಕಲ್ಲಿಗೆ ವಿಭೂತಿ ಹಚ್ಚಿ, ಅದರ ಪಕ್ಕದ ಸ್ಟೂಲಿನ ಮೇಲೆ ಕೂತಳು. ಕೆಲಸವಿಲ್ಲದೆ ಕೂತ ಅವ್ವನನ್ನು ನೋಡಲು ನನ್ನಿಂದಾಗಲಿಲ್ಲ.

"ಅತ್ತಿ," ಅಂದಳು ವೈನಿ, "ಆ ತೋಳು ನಂಗ ಕೊಡ್ರಿ. ನಾ ಕೂಡಿಸ್ತೀನಿ."

ಅವ್ವ ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನೆ ಮೊನ್ನೆ ಕಲತಾಕಿ ನೀ."

"ಗುಜರಿಗೆ ಹೋಗೂದ ಐತೇ ಅದ. ನಾ ಕೆಡಸಿದ್ರ ಇನ್ನೇನ ಕೆಡ್ತದ?"

ಹಿಟ್ಟಿನ ಚೀಲದಲ್ಲಿ ಸುತ್ತಿದ ಆ ಭಾರವನ್ನು ತೊಡೆಯ ಮೇಲಿಟ್ಟುಕೊಂಡು ಶುಕ್ರವಾರ ನಾವು ಬಸ್ಸಿನಲ್ಲಿ ಕೂತೆವು.

ಸರ್ ತೋಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೀಡು ಅಂದರೆ ಸೊಕ್ಕಿನ ಜಾತಿ, ಬಾಗುವುದಿಲ್ಲ, ಒಡೆಯುತ್ತದೆ ಅಂದರು. ಸೀಳಿನ ಕೊನೆಗೆ ತೂತು ಕೊರೆಸಿದರು, ಅದು ಮುಂದೆ ಓಡದಿರಲಿ ಎಂದು. ಗ್ಯಾಸಿನ ಉರಿಯಿಂದ ಇಡೀ ತೋಳನ್ನು ಮೆಲ್ಲಗೆ ಕಾಯಿಸಿದರು. ವೈನಿ ಚೂರು ಚೂರೇ ಬೆಸೆದಳು. ಬೆಸೆದಷ್ಟಕ್ಕೆ ಸುತ್ತಿಗೆಯಿಂದ ಹಗುರಾಗಿ ತಟ್ಟಿ ಮತ್ತೆ ಮುಂದಕ್ಕೆ. ಇಡೀ ಶೆಡ್ಡು ತನ್ನ ಕೆಲಸ ಬಿಟ್ಟು ಸುತ್ತ ನಿಂತಿತ್ತು. ಕೊನೆಯ ಚೂರು ಮುಗಿಯಿತು. ಸರ್ ಮುಖವಾಡ ಎತ್ತಿ "ಶಾಬ್ಬಾಸ್" ಅನ್ನುವಷ್ಟರಲ್ಲಿ ಆಕೆಯ ಬಲಗೈ ಬಕೀಟಿಗೆ ಹೋಗಿ ಬಂದಿತ್ತು.

ಚುಂಯ್. ಹಿಂದೆಯೇ, ಆವಿಯ ಒಳಗಿನಿಂದ, ಬಳೆ ಒಡೆದಂತೆ ಟಿಣ್ ಎಂಬ ಸಣ್ಣ ಸದ್ದು.

ಬೆಸುಗೆಯ ಅಂಚಿಗೇ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತ್ತು.

ವೈನಿ ತನ್ನ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ನಾಗನಾಥ ಭಕ್ರಿಯ ಮಾತು ತೆಗೆಯಲಿಲ್ಲ.

"ನಂದ ತಪ್ಪು," ಅಂದರು ಸರ್. "ದಿನಾ ನೋಡಿ ದಿನಾ ನಕ್ಕಿನಿ. ತಗಡಿಗಿ ನಡೀತದ, ಬೀಡಿಗಿ ನಡ್ಯಂಗಿಲ್ಲ ಅಂತ ಮೊದಲ ಹೇಳಬೇಕಿತ್ತು."

"ರೊಟ್ಟಿ ಬೇಯಲಿಕ್ಕೆ ನೀರ ಬೇಕು ಸರ್," ಅಂದಳು ವೈನಿ. ಆಕೆಯ ದನಿ ತೆಳ್ಳಗಾಗಿತ್ತು. "ಕೈ ತಾನೇ ಹೋತು."

"ಹೋಗ್ತದ. ಈಗ ಹೇಳು, ನಿಮ್ಮ ಮನ್ಯಾಗ ಹಿಂದಕ ರಾತ್ರಿ ಕೆಂಡ ಆರಬಾರದು ಅಂತ ಏನ ಮಾಡ್ತಿದ್ರು?"

"ಬೂದ್ಯಾಗ ಮುಚ್ಚಿಡ್ತಿದ್ರು."

"ಇದಕ್ಕೂ ಅದ ಬೇಕು. ಇದು ಆರಬೇಕು, ಖರೆ, ಆದ್ರ ತಾ ಆರಲಿಕತ್ತೀನಿ ಅಂತ ಇದಕ್ಕ ಗೊತ್ತಾಗಬಾರದು. ಒಂದ ದೊಡ್ಡ ಡಬ್ಬಿ ಒಣಾ ಬೂದಿ ತಗೊಂಡ ಐತವಾರ ಬರ್ರಿ. ನಾ ಉದಗೀರದಿಂದ ಬಂದು ಶೆಡ್ಡ ತಗೀತೀನಿ. ಬಿರುಕ ಕೆತ್ತಿ ತಗದು ಇನ್ನೊಮ್ಮಿ ಕೂಡಸೋಣು. ಅದರ ಮ್ಯಾಲ ಆಗಂಗಿಲ್ಲ, ಅಷ್ಟ ತಿಳಕೊ. ಮೂರನೇ ಸಲ ಇದು ತಡ್ಯಂಗಿಲ್ಲ."

ಸ್ನಾನದ ನೀರು ಕಾಯಿಸುವ ಒಲೆಯ ಬೂದಿಯನ್ನು ಅವ್ವ ತಾನೇ ಬಾಚಿದಳು. ಹಿಟ್ಟಿನ ಜರಡಿಯಲ್ಲಿ ಹಿಡಿದು, ಡಬ್ಬಿಗೆ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದಳು. ರವಿವಾರ ಬೆಳಿಗ್ಗೆ ನಾವು ಹೊರಟಾಗ ಚಪ್ಪಲಿ ಮೆಟ್ಟಿ ನಿಂತಿದ್ದಳು. "ನನ್ನ ಗಿರಣಿ, ನನ್ನ ಬೂದಿ. ನಾ ಯಾಕ ಮನ್ಯಾಗ ಕೂಡ್ಲಿ?"

ಬಸ್ಸಿನಲ್ಲಿ ಕಂಡಕ್ಟರ್ ಅವ್ವನ ತೊಡೆಯ ಮೇಲಿನ ಡಬ್ಬಿ ನೋಡಿ ಮಾವಶಿ, ಇದರಲ್ಲಿ ಏನು ಎಂದು ಮರಾಠಿಯಲ್ಲಿ ಕೇಳಿದ. "ರಾಖ," ಬೂದಿ, ಅಂದಳು ಅವ್ವ. ಆತನ ಮುಖ ಬದಲಾಯಿತು. ಟೋಪಿ ತೆಗೆದ. ಮುಂದಿನ ಸೀಟಿನವನನ್ನು ಎಬ್ಬಿಸಿ ಡಬ್ಬಿಯನ್ನು ಕಿಟಕಿಯ ಪಕ್ಕ ಇಡಿಸಿದ. ಆಮೇಲೆ ಬಗ್ಗಿ, ತಗ್ಗಿದ ದನಿಯಲ್ಲಿ, ಯಾರು ಹೋದರು ಎಂದು ಕೇಳಿದ. ಹೊಳೆಯಲ್ಲಿ ಬಿಡಲು ಒಯ್ಯುತ್ತಿರುವ ಯಾರದೋ ಬೂದಿ ಅಂದುಕೊಂಡಿದ್ದ. ನಮ್ಮಲ್ಲಿ ಹೂಳುತ್ತಾರೆ, ಸುಡುವುದೇ ಇಲ್ಲ, ಅದು ಅವನಿಗೆ ಹೇಗೆ ಗೊತ್ತಾಗಬೇಕು.

"ಯಾರೂ ಹೋಗಿಲ್ಲಪ್ಪ," ಅಂದಳು ಅವ್ವ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ. "ಹೋಗ್ಲಿಕ್ಕೆ ನಿಂತದ. ತಿರುಗಿಸಿ ಕರಕೊಂಡ ಬರ್ಲಿಕ್ಕೆ ಹೊಂಟೀವಿ."

ಕಂಡಕ್ಟರ್ ಗೌರವದಿಂದ ತಲೆಯಾಡಿಸಿದ. ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶುಕ್ರವಾರದಿಂದ ಆಕೆ ನಕ್ಕಿದ್ದು ಅದೇ ಮೊದಲು.

ಶೆಡ್ಡಿನಲ್ಲಿ ಸರ್ ಆಗಲೇ ಬಿರುಕನ್ನು ಕೆತ್ತಿ ತೆಗೆದಿದ್ದರು. ಬೂದಿಯನ್ನು ಕಬ್ಬಿಣದ ಡ್ರಮ್ಮಿಗೆ ಸುರಿದು, ಕಾಯಿಸಿದ ಬೇರೆ ಕಬ್ಬಿಣದ ತುಂಡುಗಳನ್ನು ಅದರಲ್ಲಿ ಹೂತು ಬೆಚ್ಚಗೆ ಮಾಡಿದರು. ತೋಳಿಗೆ ಉರಿ ಹಿಡಿದಾಗ ಅವ್ವ ಹತ್ತಿರ ಬಂದು, ಅಂಗೈಯನ್ನು ಅದರ ಮೇಲಿನ ಗಾಳಿಯಲ್ಲಿ ಹಿಡಿದಳು. "ರೊಟ್ಟಿ ಹಾಕೂವಷ್ಟ ಕಾದದ."

"ಇನ್ನೂ ಸ್ವಲ್ಪ ಬೇಕವ್ವ," ಅಂದರು ಸರ್. "ಇದು ನಿಮ್ಮ ಹಂಚಿಗಿಂತ ಹಟಮಾರಿ."

ಬಕೀಟನ್ನು ನಾನು ಮೊದಲೇ ಹೊರಗಿಟ್ಟು ಬಂದಿದ್ದೆ. ನನ್ನ ಮುಖವಾಡವನ್ನು ಅವ್ವನ ತಲೆಗೆ ಇಳಿಸಿ ಬಿಗಿದೆ. ನನಗೆ ಕೈಯಲ್ಲಿ ಹಿಡಿಯುವ ಗಾಜು ಸಿಕ್ಕಿತು. ಇಬ್ಬರೂ ವೈನಿಯ ಎದುರು ನಿಂತೆವು.

ಕತ್ತಲು. ಗೀರಿದ ಸದ್ದು. ಬೆಳಕು.

ಆ ಬೆಳಕನ್ನು ನಾನು ಎಷ್ಟೋ ಸಲ ಕಂಡಿದ್ದೆ. ಆದರೂ ಅಂದು ಮೊದಲ ದಿನದಂತೆಯೇ ನನ್ನ ಉಸಿರು ನಿಂತಿತು. ಸೀಳಿನ ಎರಡು ದಂಡೆಗಳು ಕಂಡವು. ಅಪ್ಪನ ಕಾಲದಿಂದ ಜೋಳ, ಗೋದಿ, ಕಡಲೆಯ ಭಾರ ಹೊತ್ತ ಆ ಒರಟು ಬೂದುಬಣ್ಣದ ಕಬ್ಬಿಣ ಹೊಳೆಯುವ ಒಂದು ಹನಿಯಾಗಿ, ಆಚೆ ದಂಡೆಯನ್ನು ಮುಟ್ಟಿ, ಅಲ್ಲಿ ನಿಂತು ನಡುಗಿ, ಕೂಡಿಕೊಂಡಿತು. ಅದರ ಹಿಂದೆ ವೈನಿಯ ಕೈ ಇದೆ ಎಂದು ನನಗೆ ಗೊತ್ತಿತ್ತು. ದಿನಾ ನನ್ನ ತಾಟಿಗೆ ರೊಟ್ಟಿ ಹಾಕುವ ಕೈ. ಆದರೆ ಆ ಕತ್ತಲಲ್ಲಿ ಕೈ ಕಾಣುತ್ತಿರಲಿಲ್ಲ, ಅದು ಮಾಡುತ್ತಿದ್ದುದಷ್ಟೇ ಕಾಣುತ್ತಿತ್ತು.

ಬೆಳಕು ಆರಿತು. ಸುತ್ತಿಗೆಯ ಹಗುರು ತಟ್ಟು ಕೇಳಿತು. ಮತ್ತೆ ಬೆಳಕು. ಹೀಗೇ ನಡೆಯಿತು. ನನ್ನ ಪಕ್ಕದಲ್ಲಿ ಅವ್ವ ಮಿಸುಕಲಿಲ್ಲ. ಬೆಳಕು ಆರಿದ ಒಂದು ಗಳಿಗೆಯಲ್ಲಿ ಮುಖವಾಡದ ಒಳಗಿನಿಂದ ಅವಳ ದನಿ ಬಂತು, ಮೆಲ್ಲಗೆ, ಗುಡಿಯೊಳಗೆ ಮಾತಾಡಿದಂತೆ:

"ಇದನ್ನ ನೀವು ದಿನಾ ನೋಡ್ತಿದ್ರೇನ?"

"ಹೂಂ ಅವ್ವ."

"ಮತ್ತ ಮನಿಗಿ ಬಂದು ಏನೂ ಆಗಿಲ್ಲದಂಗ ಉಣ್ತಿದ್ರಿ."

ಕೊನೆಯ ಚೂರು ಮುಗಿಯಿತು. ವೈನಿ ರಾಡು ಇಟ್ಟಳು. ಆಕೆಯ ಬಲಗೈ ತಾನಾಗಿ ಎದ್ದು, ಬಕೀಟು ಇರುತ್ತಿದ್ದ ಕಡೆಗೆ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು. ಆಕೆ ಅದನ್ನು ಮುಷ್ಟಿ ಮಾಡಿ ಎದೆಗೆ, ಬಟ್ಟೆಯಲ್ಲಿ ಕಟ್ಟಿದ ಲಿಂಗದ ಮೇಲೆ, ಒತ್ತಿ ಹಿಡಿದಳು. ಸರ್ ಇಕ್ಕಳದಿಂದ ತೋಳನ್ನು ಎತ್ತಿ ಬೂದಿಯೊಳಗೆ ಮಲಗಿಸಿದರು. ಮೇಲಿನ ಬೂದಿ ಎಳೆದದ್ದು ಅವ್ವ, ಉದ್ದ ಹಿಡಿಕೆಯ ಸಲಿಕೆಯಿಂದ, ಕೂಸಿಗೆ ಕೌದಿ ಹೊದಿಸುವಷ್ಟು ಮೆಲ್ಲಗೆ.

"ಯಾವಾಗ ತಗೀತೀರಿ?"

"ನಾಳಿಗಿ. ಅಲ್ಲಿತನಕ ಯಾರೂ ಮುಟ್ಟಬಾರದು."

"ನಾಳಿಗಿ ಟೆಂಪೋ ಬರ್ತದ."

ಸರ್ ಬಾಗಿಲಿಗೆ ಕೀಲಿ ಹಾಕಿದರು. "ಬರ್ಲಿ ಬಿಡ್ರಿ. ಇದು ಅವಸರಕ್ಕ ಆರುವಂಥ ಜಾತಿ ಅಲ್ಲ."

ಸೋಮವಾರ ನಾನು, ವೈನಿ ಇಬ್ಬರೇ ಹೋದೆವು. ಟೆಂಪೋದವನನ್ನು ಬಾಗಿಲಲ್ಲಿ ತಡೆಯಲು ಅವ್ವ ಮನೆಯಲ್ಲಿ ಉಳಿದಳು. ನಾವು ಶೆಡ್ಡಿನೊಳಗೆ ಕಾಲಿಡುತ್ತಿದ್ದಂತೆ ನನ್ನ ಫೋನು ರಿಂಗಾಯಿತು. ಅಣ್ಣ.

"ಸುಮಾ, ಗುಜರಿಯಾಂವ ಬಂದಾನ. ಅವ್ವ ಗಿರಣಿಗಿ ಆತು ಕೂತಾಳ, ಏಳವಲ್ಲಳು. ಅಲ್ಲಿ ಏನಾತು ಹೇಳು ಲಗೂನ. ಆತೋ ಇಲ್ಲೋ?"

ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಮೊದಲೇ ನಾಲಗೆ ಒಣಗುತ್ತದೆ. "ಅಣ್ಣ, ಫೋನ ಅವ್ವನ ಕೈಗಿ ಕೊಡು," ಅಂದೆ. ಅಷ್ಟೇ ಆಯಿತು. ಆಮೇಲೆ ಫೋನನ್ನು ಕಿವಿಯಿಂದ ತೆಗೆದು ಮುಂದಕ್ಕೆ ಚಾಚಿ ಹಿಡಿದೆ.

ವೈನಿ ಬೂದಿಯೊಳಗೆ ಕೈಯಿಳಿಸಿದಳು. ಬೂದಿ ಉಗುರುಬೆಚ್ಚಗಿತ್ತಂತೆ. ತೋಳನ್ನು ಎತ್ತಿ, ಊದಿ, ಬೆರಳಿನಿಂದ ಬೆಸುಗೆಯ ಉದ್ದಕ್ಕೂ ಸವರಿದಳು. ಗೆರೆ ಕಾಣಲಿಲ್ಲ. "ಕಣ್ಣ ನಂಬಬ್ಯಾಡ," ಅಂದರು ಸರ್. ತೋಳಿಗೆ ಹಗ್ಗ ಬಿಗಿದು ಕಬ್ಬಿಣದ ತೊಲೆಗೆ ತೂಗುಬಿಟ್ಟರು. ಒಡಕಿದ್ದರೆ ಒಡೆದ ಮಡಿಕೆಯ ಸದ್ದು ಬರುತ್ತದೆ, ಕೂಡಿದ್ದರೆ ಬೇರೆ ಸದ್ದು ಎಂದು ಹೇಳಿ ಸಣ್ಣ ಸುತ್ತಿಗೆಯನ್ನು ಆಕೆಗೆ ಕೊಟ್ಟರು.

ನಾಗನಾಥ ತನ್ನ ಯಂತ್ರ ನಿಲ್ಲಿಸಿದ. ಉಳಿದವರೂ ನಿಲ್ಲಿಸಿದರು.

ವೈನಿ ಒಮ್ಮೆ ನನ್ನನ್ನು ನೋಡಿದಳು. ಬಡಿದಳು.

ಅದು ಮಠದ ಗಂಟೆಯಲ್ಲ, ಅದಕ್ಕಿಂತ ಗಿಡ್ಡ, ಅದಕ್ಕಿಂತ ಆಳ. ತೊಲೆಗೆ ಹತ್ತಿತು, ತಗಡಿನ ಮಾಡಿಗೆ ಹತ್ತಿತು, ನನ್ನ ಅಂಗಾಲಿಗೂ ಬಂತು. ಸೀಳಿ ಹೋಗಿದ್ದ ಒಂದು ವಸ್ತು ಒಂದೇ ದನಿಯಲ್ಲಿ ಮಾತಾಡಿದ್ದನ್ನು ನಾವು ಕೇಳಿದ್ದೆವು.

ಫೋನಿನ ಆಚೆಯಿಂದ ಅವ್ವನ ದನಿ ಕೇಳಿತು, ನನಗಲ್ಲ, ಅಲ್ಲಿದ್ದ ಯಾರಿಗೋ. "ಕೇಳ್ದೇನಪ್ಪ? ಕೂಡು, ಚಹಾ ಕುಡದು ಹೋಗು. ಅಷ್ಟ ದೂರ ಖಾಲಿ ಗಾಡಿ ಹೊಡೀಬೇಕು ನೀ." ಫೋನು ಕಡಿದುಹೋಯಿತು.

ಸರ್ ಬೇಕಿಲ್ಲದಿದ್ದರೂ ಸುತ್ತಿಗೆ ಇಸಿದುಕೊಂಡು ತಾವೂ ಒಂದು ಸಲ ಬಡಿದರು.

ವೈನಿ ಬಕೀಟಿನ ಕಡೆ ಹೋದಳು. ಒದ್ದೆ ಬಟ್ಟೆ ತೆಗೆದು ಹಿಂಡಿದಳು. ನಮ್ಮೆಲ್ಲರ ಕಣ್ಣು ಆಕೆಯ ಕೈಯ ಮೇಲೆಯೇ ಇತ್ತು. ಆಕೆ ಆ ಬಟ್ಟೆಯಿಂದ ಬೂದಿ ಮೆತ್ತಿದ ತನ್ನ ಮುಖವನ್ನು, ಕೊರಳನ್ನು ಒರೆಸಿಕೊಂಡು, ಬಹಳ ಹೊತ್ತು ಅದನ್ನು ಕಣ್ಣಿಗೆ ಒತ್ತಿ ಹಿಡಿದು ನಿಂತಳು.